ವಿ.ಟಿ. ಕಟ್ಟಡ ಕೆಡವುವುದಿಲ್ಲ, ಆದರೂ ಆತಂಕ ಯಾಕೆ?

ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನ (ಸಿಎಸ್‌ಎಂಟಿ, ಹಳೆಯ ಹೆಸರು ವಿಕ್ಟೋರಿಯಾ ಟರ್ಮಿನಸ್ ಅಥವಾ ವಿ.ಟಿ.) ಪುನರಭಿವೃದ್ಧಿಯ ಸುದ್ದಿ ಬಂದಾಗಲೆಲ್ಲ ಎರಡು ತದ್ವಿರುದ್ಧ ಮಾತುಗಳು ಒಟ್ಟಿಗೇ ಕೇಳಿಬರುತ್ತವೆ. ‘ವಿ.ಟಿ. ಸ್ಟೇಷನ್ ಒಡೆಯುತ್ತಿದ್ದಾರಂತೆ’ ಎನ್ನುವುದು ಒಂದು. ‘ಪಾರಂಪರಿಕ ಕಟ್ಟಡದ ಒಂದು ಕಲ್ಲನ್ನೂ ಮುಟ್ಟುವುದಿಲ್ಲ’ ಎನ್ನುವುದು ಇನ್ನೊಂದು. ಮೊದಲನೆಯದು ಸುಳ್ಳು. ಎರಡನೆಯದು ಸರ್ಕಾರ ಪದೇ ಪದೇ ಕೊಟ್ಟಿರುವ ಭರವಸೆ, ಅದನ್ನು ಅನುಮಾನಿಸಲು ಕಾರಣ ಕಾಣುವುದಿಲ್ಲ. ಹಾಗಿದ್ದರೂ ವಾಸ್ತುಶಿಲ್ಪಿಗಳು ಮತ್ತು ಪರಂಪರೆಯ ಬಗ್ಗೆ ಕಾಳಜಿ ಇರುವವರು ನಿರಾಳವಾಗಿಲ್ಲ. ಕಲ್ಲು ಮುಟ್ಟದೆಯೂ ಒಂದು ನಿಲ್ದಾಣವನ್ನು ಹಾಳು ಮಾಡಬಹುದೇ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ಯೋಜನೆ ಬದಲಾದ ಬಗೆ

ಗೊಂದಲಕ್ಕೆ ಮುಖ್ಯ ಕಾರಣ, ಯೋಜನೆಯ ರೂಪವೇ ನಡುವೆ ಬದಲಾದದ್ದು. 2020ರಲ್ಲಿ ಭಾರತೀಯ ರೈಲು ನಿಲ್ದಾಣ ಅಭಿವೃದ್ಧಿ ನಿಗಮ ಈ ನಿಲ್ದಾಣಕ್ಕಾಗಿ ಖಾಸಗಿ ಕಂಪನಿಗಳಿಂದ ಅರ್ಜಿ ಕರೆಯಿತು. ಆಗ ಅಂದಾಜು ವೆಚ್ಚ 1,642 ಕೋಟಿ ರೂಪಾಯಿ. ಕಂಪನಿ ತಾನೇ ಹಣ ಹಾಕಿ ಕಟ್ಟಬೇಕು, ಪ್ರಯಾಣಿಕರಿಂದ ಬಳಕೆ ಶುಲ್ಕ ಪಡೆದು, ರೈಲ್ವೆ ಜಾಗದಲ್ಲಿ ವಾಣಿಜ್ಯ ಕಟ್ಟಡ ಎಬ್ಬಿಸಿ ಆ ಹಣ ವಾಪಸ್ ಪಡೆಯಬೇಕು ಎಂಬುದು ಲೆಕ್ಕಾಚಾರ. ದೊಡ್ಡ ದೊಡ್ಡ ಕಂಪನಿಗಳು ಆಸಕ್ತಿ ತೋರಿಸಿದವು. ಅಷ್ಟರಲ್ಲಿ, 2021ರಲ್ಲಿ, ಆ ನಿಗಮವನ್ನೇ ಮುಚ್ಚಲಾಯಿತು.

2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಹೊಸದಿಲ್ಲಿ, ಅಹಮದಾಬಾದ್ ಮತ್ತು ಸಿಎಸ್‌ಎಂಟಿ ಮೂರಕ್ಕೂ ಸೇರಿಸಿ ಸುಮಾರು 10,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಈ ಬಾರಿ ಹಣ ಸರ್ಕಾರದ್ದೇ, ಗುತ್ತಿಗೆದಾರ ಕಟ್ಟಿಕೊಡುತ್ತಾನೆ ಅಷ್ಟೆ. ಮೇಲ್ವಿಚಾರಣೆ ರೈಲು ಭೂಮಿ ಅಭಿವೃದ್ಧಿ ಪ್ರಾಧಿಕಾರದ್ದು. ಸಿಎಸ್‌ಎಂಟಿಯ ಗುತ್ತಿಗೆ ಸುಮಾರು 2,450 ಕೋಟಿ ರೂಪಾಯಿಗೆ ನಿಂತಿತು.

ಈ ಬದಲಾವಣೆ ಬರೀ ಲೆಕ್ಕಪತ್ರದ ವಿಷಯವಲ್ಲ. ಖಾಸಗಿ ಕಂಪನಿ ಹಾಕಿದ ಹಣ ಹಿಂದಕ್ಕೆ ಬರಬೇಕಾದರೆ ಬಾಡಿಗೆಗೆ ಕೊಡಲು ಹೆಚ್ಚು ಚದರಡಿ ಬೇಕು. ಹೆಚ್ಚು ಚದರಡಿ ಬೇಕಾದರೆ ಕಟ್ಟಡ ಎತ್ತರಕ್ಕೆ ಹೋಗಬೇಕು. ಸರ್ಕಾರವೇ ಖರ್ಚು ಮಾಡುವಾಗ ಆ ಒತ್ತಡ ತಗ್ಗುತ್ತದೆ. ಹಾಗಾಗಿ ಈಗಿನ ಯೋಜನೆ ಹಳೆಯದಕ್ಕಿಂತ ಮೇಲು. ಆದರೆ ‘ವಿಶ್ವದರ್ಜೆಯ ನಿಲ್ದಾಣ’ ಎಂದ ಕೂಡಲೇ ಬರುವ ನಕ್ಷೆಯ ಅಚ್ಚು ಮಾತ್ರ ಹಾಗೇ ಉಳಿದಿದೆ: ಹಳಿಗಳ ಮೇಲೆ ಹರಡಿಕೊಂಡ ವಿಶಾಲ ಚಾವಣಿ ಅಂಗಣ, ಅಂದರೆ ರೂಫ್ ಪ್ಲಾಜಾ. ಅದರಲ್ಲಿ ಅಂಗಡಿ, ಫುಡ್ ಕೋರ್ಟ್, ಕಾಯುವ ಕೊಠಡಿ, ಮಕ್ಕಳ ಆಟದ ಜಾಗ. ಸಂಪುಟದ ಒಪ್ಪಿಗೆಯ ಹೊತ್ತಿನ ಪ್ರಕಟಣೆಯಲ್ಲಿ ಇಂಥ ಅಂಗಣಗಳ ಅಗಲವೂ ಇತ್ತು: 36, 72 ಅಥವಾ 108 ಮೀಟರ್. ಎಲ್ಲ ನಿಲ್ದಾಣಗಳಿಗೂ ಒಂದೇ ಅಳತೆಪಟ್ಟಿ.

ಸ್ಟೀವನ್ಸ್ ಬಿಡಿಸಿದ ಸಮಸ್ಯೆ

ಈ ಅಚ್ಚು ಇಲ್ಲಿಗೆ ಹೊಂದುತ್ತದೆಯೇ ಎಂದು ತಿಳಿಯಲು ಮೂಲ ಕಟ್ಟಡದ ಹಿಂದಿನ ಯೋಚನೆ ಗೊತ್ತಿರಬೇಕು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟದ್ದು ಇದೇ ಬೋರಿಬಂದರ್‌ನಿಂದ. ಆಗ ಇಲ್ಲಿ ಇದ್ದದ್ದು ಸಾಧಾರಣ ನಿಲ್ದಾಣ. ಕಾಲು ಶತಮಾನ ಕಳೆಯುವಷ್ಟರಲ್ಲಿ ಹತ್ತಿ ವ್ಯಾಪಾರದಿಂದ ಮುಂಬೈ ಹಣದ ಊರಾಯಿತು, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಗೆ ನಿಲ್ದಾಣವೂ ಬೇಕಾಯಿತು, ಮುಖ್ಯ ಕಚೇರಿಯೂ ಬೇಕಾಯಿತು. ಎರಡನ್ನೂ ಒಂದೇ ಕಟ್ಟಡದಲ್ಲಿ ಕೂಡಿಸುವ ಕೆಲಸ ಬಂದದ್ದು ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಎಂಬ ಎಂಜಿನಿಯರ್ ಪಾಲಿಗೆ. ಆಗ ಅವರಿಗಿನ್ನೂ ಮೂವತ್ತರ ಆಸುಪಾಸು. ಯುರೋಪಿನ ನಿಲ್ದಾಣಗಳನ್ನು ನೋಡಿಬಂದು ನಕ್ಷೆ ಸಿದ್ಧಪಡಿಸಿದರು. 1878ರಲ್ಲಿ ಆರಂಭವಾದ ಕೆಲಸ ಮುಗಿಯಲು ಹತ್ತು ವರ್ಷ ಹಿಡಿಯಿತು, ಖರ್ಚು ಸುಮಾರು 16 ಲಕ್ಷ ರೂಪಾಯಿ. 1887ರಲ್ಲಿ ರಾಣಿ ವಿಕ್ಟೋರಿಯಾಳ ಆಳ್ವಿಕೆಗೆ ಐವತ್ತು ತುಂಬಿದಾಗ ಆಕೆಯ ಹೆಸರನ್ನೇ ಇಟ್ಟರು.

ಕಟ್ಟಡದ ನಕ್ಷೆ ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರದ್ದು. ಎರಡು ರೆಕ್ಕೆಗಳ ನಡುವೆ ಉದ್ಯಾನದ ಅಂಗಳ, ಬೀದಿಗೆ ತೆರೆಯುವ ಗೇಟು, ಗೇಟಿನ ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ. ನಟ್ಟನಡುವೆ ಅಷ್ಟಕೋನದ ಗುಮ್ಮಟ, ಅದರ ನೆತ್ತಿಯ ಮೇಲೆ ಕೈಯಲ್ಲಿ ದೀವಟಿಗೆ ಹಿಡಿದ ‘ಪ್ರಗತಿ’ಯ ಪ್ರತಿಮೆ. ಸಾಮಾನ್ಯವಾಗಿ ಗುಮ್ಮಟ ಕಟ್ಟುವಾಗ ಅಡಿಯಲ್ಲಿ ಮರದ ಆಸರೆ ನಿಲ್ಲಿಸಿ, ಗಾರೆ ಗಟ್ಟಿಯಾದ ಮೇಲೆ ತೆಗೆಯುತ್ತಾರೆ. ಇಲ್ಲಿ ಕಲ್ಲಿನ ಪಕ್ಕೆಗಳನ್ನು ಒಂದಕ್ಕೊಂದು ಕಚ್ಚು ಹಾಕಿ ಕೂರಿಸುತ್ತಾ, ಆ ಆಸರೆಯಿಲ್ಲದೆಯೇ ಮೇಲೆಬ್ಬಿಸಿದರು. ಆ ಕಾಲಕ್ಕೆ ಇದು ಹೊಸ ಸಾಧನೆ ಎಂದು ಯುನೆಸ್ಕೊ ಕೂಡ ಗುರುತಿಸಿದೆ.

ಶೈಲಿ ಇಟಲಿಯ ಗೋಥಿಕ್‌ನಿಂದ ಬಂದದ್ದು, ಕೆತ್ತನೆ ಮಾತ್ರ ಮುಂಬೈಯದು. ಸರ್ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು ಕಲ್ಲು, ಮರ, ಕಬ್ಬಿಣ, ಹಿತ್ತಾಳೆಗಳ ಅಲಂಕಾರದಲ್ಲಿ ಕೈ ಜೋಡಿಸಿದರು. ಮುಂಗೋಡೆಯಲ್ಲಿ ಕಂಪನಿಯ ದೊಡ್ಡವರ ಜೊತೆಗೆ ಮುಂಬೈಯ ಪ್ರಮುಖ ವರ್ತಕರಾದ ಜಮ್‌ಶೇಟ್‌ಜಿ ಜೀಜೀಭಾಯ್ ಮತ್ತು ಜಗನ್ನಾಥ ಶಂಕರಶೇಟ್ ಅವರ ಮುಖಗಳೂ ಇವೆ. ಸಬರ್ಬನ್ ಟಿಕೆಟ್ ಕೊಡುವ ಹಳೆಯ ಸಭಾಂಗಣಕ್ಕೆ ‘ಸ್ಟಾರ್ ಚೇಂಬರ್’ ಎಂಬ ಹೆಸರು. ಕಮಾನು ಚಾವಣಿಯ ತುಂಬ ನಕ್ಷತ್ರಗಳು, ಕೆಳಗೆ ಇಟಲಿಯ ಅಮೃತಶಿಲೆ ಮತ್ತು ಹೊಳಪು ಕೊಟ್ಟ ನಮ್ಮ ನೀಲಿಗಲ್ಲಿನ ಕಂಬಗಳು, ಕಂಬದ ತಲೆಯಲ್ಲಿ ಎಲೆಬಳ್ಳಿ, ಪ್ರಾಣಿಪಕ್ಷಿ. ಇವತ್ತಿಗೂ ಲೋಕಲ್ ರೈಲಿನ ಪಾಸು ಕೊಳ್ಳಲು ಜನ ಸಾಲು ನಿಲ್ಲುವುದು ಈ ನಕ್ಷತ್ರಗಳ ಅಡಿಯಲ್ಲೇ. ದುಡಿಯುವ ಜನರ ದಿನಚರಿಗೆ ಇಷ್ಟು ಚೆಲುವಾದ ಸಾರ್ವಜನಿಕ ಕೋಣೆ ಕೊಟ್ಟ ಕಟ್ಟಡಗಳು ದೇಶದಲ್ಲಿ ಎಷ್ಟಿವೆ?

ಅಲಂಕಾರಕ್ಕಿಂತ ಮುಖ್ಯವಾದದ್ದು ನಡೆದಾಟದ ಏರ್ಪಾಡು. ಇದು ಟರ್ಮಿನಸ್, ಹಳಿಗಳು ಇಲ್ಲಿಗೆ ಬಂದು ಮುಗಿಯುತ್ತವೆ. ಬೀದಿಯಿಂದ ಟಿಕೆಟ್ ಕಿಟಕಿಗೆ, ಅಲ್ಲಿಂದ ಪ್ಲಾಟ್‌ಫಾರ್ಮ್‌ನ ತುದಿಗೆ, ಅಲ್ಲಿಂದ ಬೋಗಿಗೆ ಒಂದೇ ಮಟ್ಟದಲ್ಲಿ ನಡೆದು ಹೋಗಬಹುದು. ಒಂದು ಮೆಟ್ಟಿಲೂ ಹತ್ತಬೇಕಾಗಿಲ್ಲ. ಪ್ಲಾಟ್‌ಫಾರ್ಮ್ ಮತ್ತು ರೈಲು ನಿಲ್ಲುವ ಶೆಡ್ಡಿನ ರೇಖೆಯೇ ಇಡೀ ಕಟ್ಟಡದ ನಕ್ಷೆಗೆ ಅಸ್ಥಿಪಂಜರ. ಮುಂದಿನ ಅರಮನೆಯಂಥ ಮುಖ ಒಂದು, ಹಿಂದಿನ ಶೆಡ್ಡು ಇನ್ನೊಂದು ಎಂದು ಬೇರೆ ಮಾಡಿ ನೋಡುವಂತಿಲ್ಲ.

ಬದಲಾವಣೆ ಬೇಕೆನ್ನುವವರ ವಾದ

ಹಾಗೆಂದು ಎಲ್ಲವೂ ಇದ್ದಂತೇ ಇರಲಿ ಎನ್ನಲಾಗದು. ಇವತ್ತು ಇಲ್ಲಿ 18 ಪ್ಲಾಟ್‌ಫಾರ್ಮ್‌ಗಳಿವೆ. ಏಳು ಲೋಕಲ್‌ಗಳಿಗೆ, ಹನ್ನೊಂದು ದೂರದ ರೈಲುಗಳಿಗೆ. ಬೆಳಿಗ್ಗೆ ಲೋಕಲ್ ಬಂದು ನಿಂತಾಗ ಇಳಿಯುವವರೆಲ್ಲ ಒಂದೇ ತುದಿಯತ್ತ ನುಗ್ಗುತ್ತಾರೆ, ಹತ್ತುವವರು ಎದುರಿನಿಂದ ಅದೇ ದಾರಿಯಲ್ಲಿ ಬರುತ್ತಾರೆ. ಬೆಂಕಿ ಬಿದ್ದರೆ, ಕಾಲ್ತುಳಿತವಾದರೆ ಹೊರಬರಲು ದಾರಿಗಳು ಸಾಲವು. 2008ರ ನವೆಂಬರ್ 26ರ ರಾತ್ರಿ ದಾಳಿಕೋರರು 58 ಜನರನ್ನು ಕೊಂದದ್ದು ಇದೇ ನಿಲ್ದಾಣದಲ್ಲಿ. 2019ರ ಮಾರ್ಚ್‌ನಲ್ಲಿ ನಿಲ್ದಾಣಕ್ಕೆ ಸೇರುವ ಹಿಮಾಲಯ ಪಾದಚಾರಿ ಸೇತುವೆ ಕುಸಿದು ಜನ ಸತ್ತರು. ಸುರಕ್ಷತೆಯ ಮಾತನ್ನು ಯಾರೂ ತಳ್ಳಿಹಾಕುವಂತಿಲ್ಲ.

ಕನ್ನಡ ನಾಡಿನವರಿಗೂ ಈ ಇಕ್ಕಟ್ಟಿನ ಬಿಸಿ ತಟ್ಟಿದೆ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ ದಾಟಿ ಬಂದು ನಿಲ್ಲುವುದು ಇಲ್ಲಿಯೇ. ಕರಾವಳಿಯಿಂದ ಮುಂಬೈಗೆ ಹೋಟೆಲು, ಕಚೇರಿ ಕೆಲಸಕ್ಕೆ ಹೋಗಿ ನೆಲೆಸಿದವರ ಕುಟುಂಬಗಳಿಗೆ ಮಂಗಳೂರು–ಸಿಎಸ್‌ಎಂಟಿ ಎಕ್ಸ್‌ಪ್ರೆಸ್ ಊರಿನ ನಂಟು. 24 ಬೋಗಿಗಳ ರೈಲು ನಿಲ್ಲುವಂತೆ ಇಲ್ಲಿನ ಪ್ಲಾಟ್‌ಫಾರ್ಮ್‌ಗಳನ್ನು ಉದ್ದ ಮಾಡುವ ಕೆಲಸ ನಡೆದಾಗ ಮಂಗಳೂರಿನಿಂದ ಬರುವ ಆ ರೈಲನ್ನು ತಿಂಗಳುಗಟ್ಟಲೆ ಠಾಣೆಯಲ್ಲೇ ನಿಲ್ಲಿಸಿದರು. ಲಗೇಜು, ಮಕ್ಕಳುಮರಿ ಸಮೇತ ಅಲ್ಲಿಳಿದು ಲೋಕಲ್ ಹತ್ತುವ ಪಾಡು ಅನುಭವಿಸಿದವರಿಗೇ ಗೊತ್ತು. ರೈಲು ಓಡಿಸುತ್ತಲೇ ಕೆಲಸ ಮಾಡಬೇಕಾದ ಇಂಥ ಜಾಗದಲ್ಲಿ ದೊಡ್ಡ ಕಾಮಗಾರಿ ಶುರುವಾದರೆ ಮುಂದೆಯೂ ದಾದರ್, ಠಾಣೆ, ಪನ್ವೇಲ್‌ಗಳಲ್ಲಿ ರೈಲು ನಿಲ್ಲಿಸುವ ದಿನಗಳು ಬರುತ್ತವೆ.

ಟರ್ಮಿನಸ್‌ಗೆ ಚಾವಣಿ ಅಂಗಣ ಯಾಕೆ?

ಭಿನ್ನಾಭಿಪ್ರಾಯ ಶುರುವಾಗುವುದು ಇಲ್ಲಿ. ಹುಬ್ಬಳ್ಳಿ, ಬೆಂಗಳೂರಿನಂಥ ನಿಲ್ದಾಣಗಳಲ್ಲಿ ಹಳಿಗಳು ನಿಲ್ದಾಣವನ್ನು ಸೀಳಿಕೊಂಡು ಹೋಗುತ್ತವೆ. ಊರಿನ ಒಂದು ಬದಿಯಿಂದ ಇನ್ನೊಂದು ಬದಿಗೆ, ಒಂದು ಪ್ಲಾಟ್‌ಫಾರ್ಮ್‌ನಿಂದ ಮತ್ತೊಂದಕ್ಕೆ ಹೋಗಲು ಹೇಗಿದ್ದರೂ ಮೇಲೆ ಹತ್ತಲೇಬೇಕು. ಅಲ್ಲಿ ಇಕ್ಕಟ್ಟಾದ ಪಾದಚಾರಿ ಸೇತುವೆಯ ಬದಲು ಅಗಲವಾದ ಅಂಗಣ ಬಂದರೆ ಲಾಭವೇ. ಟರ್ಮಿನಸ್‌ನಲ್ಲಿ ಆ ಸಮಸ್ಯೆಯೇ ಇಲ್ಲ. ಸಮತಟ್ಟಾಗಿ ನಡೆದು ಹೋಗುವವರನ್ನು ಎಸ್ಕಲೇಟರ್ ಹತ್ತಿಸಿ, ಅಂಗಡಿಗಳ ಮುಂದೆ ಹಾಯಿಸಿ, ಮತ್ತೆ ಇಳಿಸುವುದರಲ್ಲಿ ವಯಸ್ಸಾದವರಿಗೆ, ಹೊರೆ ಹೊತ್ತವರಿಗೆ ಯಾವ ಅನುಕೂಲ?

ಯೋಜನೆಯ ಪರವಾಗಿರುವವರ ಉತ್ತರದಲ್ಲೂ ಹುರುಳಿದೆ. ಎಲ್ಲರೂ ಒಂದೇ ತುದಿಯಲ್ಲಿ ನೆರೆಯುವುದನ್ನು ತಪ್ಪಿಸಬೇಕಾದರೆ ಪ್ಲಾಟ್‌ಫಾರ್ಮ್‌ಗಳ ನಡುಭಾಗದಲ್ಲಿ, ಪೂರ್ವಕ್ಕೆ ಪಿ. ಡಿ’ಮೆಲ್ಲೊ ರಸ್ತೆಯ ಕಡೆಯಿಂದ, ಇನ್ನೊಂದು ಬಾಗಿಲು ಬೇಕು. ಬರುವವರ ದಾರಿ, ಹೋಗುವವರ ದಾರಿ ಬೇರೆಯಾಗಬೇಕು. ಅಷ್ಟಕ್ಕೆ ಹಳಿಗಳನ್ನು ದಾಟುವ ಮೇಲ್ದಾರಿ ಬೇಕೇ ಬೇಕು. ನನ್ನ ಅಭಿಪ್ರಾಯದಲ್ಲಿ ಮೇಲ್ದಾರಿ ಸರಿ, ಮಾಲ್ ಸರಿಯಲ್ಲ. ವ್ಯತ್ಯಾಸ ಇರುವುದು ಅಗಲ ಮತ್ತು ಎತ್ತರದಲ್ಲಿ.

ಎತ್ತರದ ಲೆಕ್ಕ ನೋಡಿ. ಹಳಿಯ ಮೇಲೆ 25,000 ವೋಲ್ಟ್‌ನ ತಂತಿ ಹಾದುಹೋಗುತ್ತದೆ. ಅದರ ಮೇಲೆ ಸುರಕ್ಷಿತ ಅಂತರ ಬಿಟ್ಟರೆ ಅಂಗಣದ ತಳವೇ ಹಳಿಯಿಂದ ಆರು ಮೀಟರ್‌ಗಿಂತ ಮೇಲಿರಬೇಕು. ಆಮೇಲೆ ತೊಲೆಗಳ ದಪ್ಪ, ಜನ ಓಡಾಡುವ ಮಹಡಿ, ಏಸಿ ಕೊಳವೆ, ಮಾಡು. ಒಂದೇ ಮಹಡಿ ಎಂದುಕೊಂಡರೂ ಹದಿನೈದು ಮೀಟರ್ ಮುಟ್ಟಲು ಹೊತ್ತು ಹಿಡಿಯುವುದಿಲ್ಲ. ಆಮೇಲೆ ಎದುರಿನ ಬೀದಿಯಲ್ಲಿ ನಿಂತು ನೋಡಿದರೆ ಹಳೆಯ ಕಟ್ಟಡದ ಮಾಡಿನ ಮೊನೆಗಳು, ಚಿಕ್ಕ ಗೋಪುರಗಳು ಆಕಾಶದೆದುರು ಬರೆದ ರೇಖೆಯಾಗಿ ಕಾಣುತ್ತವೆಯೋ, ಗಾಜಿನ ಗೋಡೆಯ ಮುಂದೆ ಅಂಟಿಸಿದ ಚಿತ್ರದಂತೆ ಕಾಣುತ್ತವೆಯೋ ಎಂಬುದು ಅಂಗಣ ಎಷ್ಟು ಹಿಂದಕ್ಕೆ ಸರಿದಿದೆ ಎನ್ನುವುದರ ಮೇಲೆ ನಿಂತಿದೆ. ಗೋಥಿಕ್ ಕಟ್ಟಡದ ಅರ್ಧ ಪ್ರಾಣವೇ ಆ ಮೇಲ್ಗೆರೆ. ಅದು ಮಸುಕಾದರೆ ಕಲ್ಲು ಮುಟ್ಟದೆಯೂ ಕಟ್ಟಡಕ್ಕೆ ಪೆಟ್ಟು ಬಿದ್ದಂತೆ.

ನೆಲದಡಿಯ ಕೆಲಸವೂ ಲೆಕ್ಕಕ್ಕೆ ಬರಬೇಕು. ಅಂಗಣ ಹೊರುವ ಕಂಬಗಳಿಗೆ ಆಳವಾದ ಬುನಾದಿ ಕೊರೆಯಬೇಕು. ಹಳೆಯ ಕಲ್ಲುಗಾರೆ ಕಟ್ಟಡಗಳಿಗೆ ಕಂಪನ ಆಗದು. 2017ರಲ್ಲಿ ಇದೇ ಪ್ರದೇಶದ ಜೆ.ಎನ್. ಪೆಟಿಟ್ ಗ್ರಂಥಾಲಯದ ಮೇಲ್ತುದಿಯ ಒಂದು ತುಂಡು ಬಿದ್ದಾಗ, ಹತ್ತಿರದಲ್ಲಿ ನಡೆಯುತ್ತಿದ್ದ ಮೆಟ್ರೊ ಸುರಂಗದ ಕೆಲಸಕ್ಕೆ ಬಾಂಬೆ ಹೈಕೋರ್ಟ್ ತಾತ್ಕಾಲಿಕ ತಡೆ ಕೊಟ್ಟಿತ್ತು. ಆಮೇಲೆ ಆ ಮೆಟ್ರೊ ಪೂರ್ತಿಯಾಗಿ 2025ರ ಅಕ್ಟೋಬರ್‌ನಲ್ಲಿ ಸಿಎಸ್‌ಎಂಟಿಯ ಕೆಳಗೂ ಓಡಿತು. ಎಚ್ಚರ ವಹಿಸಿದರೆ ಹೊಸತು, ಹಳತು ಎರಡೂ ಬಾಳಬಹುದು ಎಂಬುದಕ್ಕೂ ಅದೇ ಉದಾಹರಣೆ.

‘ಬೇಡ’ ಎನ್ನುವ ಅಧಿಕಾರ ಯಾರಿಗೆ?

ತಾಜ್‌ಮಹಲ್ ಅಥವಾ ಹಂಪಿಯ ಹಾಗೆ ಸಿಎಸ್‌ಎಂಟಿ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿಲ್ಲ. ಮಾಲೀಕತ್ವ ರೈಲ್ವೆಯದು, ಒಳಗೆ ಕೂತಿರುವುದು ಮಧ್ಯ ರೈಲ್ವೆಯ ಮುಖ್ಯ ಕಚೇರಿ. ರಕ್ಷಣೆ ಇರುವುದು ಮುಂಬೈಯ 1995ರ ಪರಂಪರೆ ನಿಯಮಗಳಿಂದ. ಅದರ ಪ್ರಕಾರ ಇದು ಮೊದಲ ದರ್ಜೆಯ ಕಟ್ಟಡ, ನಗರದ ಪರಂಪರೆ ಸಮಿತಿಯ ಅಭಿಪ್ರಾಯವಿಲ್ಲದೆ ಬದಲಾವಣೆ ಮಾಡುವಂತಿಲ್ಲ.

ಆದರೆ 1989ರ ರೈಲ್ವೆ ಕಾಯ್ದೆಯ 11ನೇ ಸೆಕ್ಷನ್, ಬೇರೆ ಕಾನೂನು ಏನೇ ಹೇಳಿದ್ದರೂ ರೈಲ್ವೆಗೆ ಅಗತ್ಯವಾದ ಕಾಮಗಾರಿ ಮಾಡುವ ಅಧಿಕಾರವನ್ನು ರೈಲ್ವೆ ಆಡಳಿತಕ್ಕೆ ಕೊಡುತ್ತದೆ. ಹಳಿ, ಸೇತುವೆ, ಸಿಗ್ನಲ್ ಹಾಕಲು ಊರೂರಿನ ಪುರಸಭೆಯ ಬಾಗಿಲು ಬಡಿಯುವಂತಾಗಬಾರದು ಎಂಬುದು ಅದರ ಉದ್ದೇಶ, ಅದು ನ್ಯಾಯವೇ. ಹಳಿಯ ಮೇಲಿನ ಅಂಗಡಿಸಾಲೂ ‘ರೈಲ್ವೆಗೆ ಅಗತ್ಯವಾದ ಕಾಮಗಾರಿ’ಯೇ? ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಇಲ್ಲದಿರುವುದೇ ಜಗಳದ ಬೇರು. ಉತ್ತರ ‘ಹೌದು’ ಎಂದಾದರೆ ನಗರದ ಸಮಿತಿಯ ಮಾತು ಬರೀ ಸಲಹೆಯಾಗಿ ಉಳಿಯುತ್ತದೆ.

ಯುನೆಸ್ಕೊ ಏನು ಮಾಡಬಲ್ಲದು

2004ರಲ್ಲಿ ಈ ನಿಲ್ದಾಣ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿರುವ ಜಾಗ 2.85 ಹೆಕ್ಟೇರ್, ಸುತ್ತಲಿನ ಬಫರ್ ವಲಯ 90 ಹೆಕ್ಟೇರ್‌ಗೂ ಹೆಚ್ಚು. ಎದುರಿಗೇ ಇರುವ, ಸ್ಟೀವನ್ಸ್ ಅವರೇ ಕಟ್ಟಿದ ಮಹಾನಗರ ಪಾಲಿಕೆ ಕಟ್ಟಡಕ್ಕೂ ನಿಲ್ದಾಣಕ್ಕೂ ಇರುವ ನಂಟು ಉಳಿಯಬೇಕು ಎಂಬಂಥ ಕಾಳಜಿಗೇ ಬಫರ್ ವಲಯ ಇರುವುದು. ಯುನೆಸ್ಕೊ ನಿಯಮದ ಪ್ರಕಾರ, ಹಿಂದಕ್ಕೆ ತೆಗೆದುಕೊಳ್ಳಲಾಗದ ತೀರ್ಮಾನ ಮಾಡುವ ಮೊದಲೇ ಸರ್ಕಾರ ಯೋಜನೆಯನ್ನು ತಿಳಿಸಬೇಕು, ಪರಂಪರೆಯ ಮೇಲಾಗುವ ಪರಿಣಾಮದ ಅಧ್ಯಯನ ಮಾಡಿಸಬೇಕು.

ಯುನೆಸ್ಕೊಗೆ ಕೆಲಸ ನಿಲ್ಲಿಸುವ ಅಧಿಕಾರವೂ ಇಲ್ಲ, ದಂಡ ಹಾಕುವ ಅಧಿಕಾರವೂ ಇಲ್ಲ. ಎಚ್ಚರಿಸಬಹುದು, ಅಪಾಯದ ಪಟ್ಟಿಗೆ ಸೇರಿಸಬಹುದು, ಕೊನೆಗೆ ಹೆಸರು ತೆಗೆದುಹಾಕಬಹುದು. ತೆಗೆದುಹಾಕಿದ್ದೂ ಉಂಟು. ಸಿಎಸ್‌ಎಂಟಿ ಸೇರಿದ ವರ್ಷವೇ ಪಟ್ಟಿ ಸೇರಿದ್ದ ಇನ್ನೆರಡು ತಾಣಗಳು ಇವತ್ತು ಅದರಲ್ಲಿಲ್ಲ. ಜರ್ಮನಿಯ ಡ್ರೆಸ್ಡನ್, ಎಲ್ಬೆ ನದಿಗೆ ಅಡ್ಡಲಾಗಿ ಕಟ್ಟಿದ ಸೇತುವೆಯಿಂದಾಗಿ 2009ರಲ್ಲಿ ಹೊರಬಿತ್ತು. ಇಂಗ್ಲೆಂಡಿನ ಲಿವರ್‌ಪೂಲ್ ಹಳೆಯ ಬಂದರಿನ ದಂಡೆಯಲ್ಲಿ ಎದ್ದ ಹೊಸ ನಿರ್ಮಾಣಗಳಿಂದಾಗಿ 2021ರಲ್ಲಿ ಹೊರಬಿತ್ತು. ಎರಡೂ ಕಡೆ ಹಳೆಯ ಕಟ್ಟಡಗಳನ್ನು ಕೆಡವಿದ್ದು ಕಾರಣವಲ್ಲ, ಅವುಗಳ ಸುತ್ತ ಮಾಡಿದ ಹೊಸ ಕೆಲಸ ಕಾರಣ.

ನಮಗೆ ಇದು ಹೊಸ ಪಾಠವೂ ಅಲ್ಲ. ಆನೆಗೊಂದಿಯ ಬಳಿ ತುಂಗಭದ್ರೆಗೆ ಸೇತುವೆ ಕಟ್ಟಲು ಹೊರಟಾಗ 1999ರಲ್ಲಿ ಹಂಪಿ ಅಪಾಯದ ಪಟ್ಟಿಗೆ ಬಿತ್ತು. ಹೊರಬಂದದ್ದು 2006ರಲ್ಲಿ. ಅಲ್ಲೂ ತಕರಾರು ಎದ್ದದ್ದು ಹೊಸ ನಿರ್ಮಾಣದಿಂದ. ಸೇತುವೆ ಬೇಕೆಂದು ಕೇಳಿದ ಹಳ್ಳಿಗರ ಬೇಡಿಕೆಯೂ ನ್ಯಾಯವಾದದ್ದೇ. ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆಯನ್ನು ಮೊದಲೇ ಕೂತು ಬಿಡಿಸದ್ದರಿಂದ ವರ್ಷಗಟ್ಟಲೆ ಸೇತುವೆಯೂ ಇಲ್ಲ, ನೆಮ್ಮದಿಯೂ ಇಲ್ಲ ಎಂಬಂತಾಯಿತು.

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಮಾಡಿದ್ದೇನು

ಸಿಎಸ್‌ಎಂಟಿಗೆ ಹತ್ತಿರದ ಬಂಧುವೆನ್ನಬಹುದಾದ ನಿಲ್ದಾಣ ಲಂಡನ್ನಿನ ಸೇಂಟ್ ಪ್ಯಾಂಕ್ರಸ್. ಅದೂ ವಿಕ್ಟೋರಿಯಾ ಕಾಲದ ಗೋಥಿಕ್ ಕಟ್ಟಡ. 1960ರ ದಶಕದಲ್ಲಿ ಕೆಡವುವ ಮಾತು ಬಂದು, ಜನ ಹೋರಾಡಿ, 1967ರಲ್ಲಿ ಅದು ಸಂರಕ್ಷಿತ ಕಟ್ಟಡವಾಯಿತು. ಪ್ಯಾರಿಸ್‌ಗೆ ಹೋಗುವ ಯೂರೋಸ್ಟಾರ್ ರೈಲು ಅಲ್ಲಿಗೆ ಬರಬೇಕೆಂದಾಗ ಸಮಸ್ಯೆ ಎದುರಾಯಿತು: ಆ ರೈಲು ಸುಮಾರು 400 ಮೀಟರ್ ಉದ್ದ, 1868ರಲ್ಲಿ ಎಂಜಿನಿಯರ್ ಬಾರ್ಲೊ ಕಟ್ಟಿದ ಕಬ್ಬಿಣದ ಶೆಡ್ಡು ಅಷ್ಟಿಲ್ಲ.

ಹಳೆಯ ಶೆಡ್ಡಿನ ಮೇಲೆ ಅವರು ಏನನ್ನೂ ಹೇರಲಿಲ್ಲ. ಅದು ಮುಗಿಯುವ ತುದಿಯಿಂದಾಚೆ, ತಗ್ಗಾದ ಚಪ್ಪಟೆ ಮಾಡಿನ ಹೊಸ ಭಾಗ ಕಟ್ಟಿದರು. ನಡುವೆ ಗಾಜಿನ ಅಂತರ ಬಿಟ್ಟರು, ಹಳತು ಎಲ್ಲಿ ಮುಗಿಯಿತು ಎಂಬುದು ಎದ್ದು ಕಾಣುತ್ತದೆ. ಅಂಗಡಿಗಳಿಗೆ ಜಾಗ ಸಿಕ್ಕಿದ್ದು ಮೇಲಲ್ಲ, ಕೆಳಗೆ. ಪ್ಲಾಟ್‌ಫಾರ್ಮ್‌ಗಳ ಅಡಿಯ ನೆಲಮಾಳಿಗೆಯಲ್ಲಿ ಹಿಂದೆ ಬರ್ಟನ್ ಊರಿನ ಬಿಯರ್ ಪೀಪಾಯಿ ತುಂಬಿಡುತ್ತಿದ್ದರು, ಅಲ್ಲಿನ ಕಂಬಗಳ ನಡುವಿನ ಅಂತರವೂ ಪೀಪಾಯಿಗಳ ಅಳತೆಗೆ ತಕ್ಕಂತೆ ಇಟ್ಟದ್ದು. ಆ ಮಾಳಿಗೆಯನ್ನೇ ತೆರೆದು ಪ್ರಯಾಣಿಕರ ಅಂಗಳ ಮಾಡಿದರು. 2007ರಲ್ಲಿ ರೈಲು ಓಡಿತು.

ಮುಂಬೈಯಲ್ಲಿ ಅಂಥ ನೆಲಮಾಳಿಗೆ ಇಲ್ಲ, ನೆಲವೂ ಸಮುದ್ರದ ಮಗ್ಗುಲಿನದು. ನಕಲು ಮಾಡಲಾಗದು. ಅಲ್ಲಿನವರು ಮೊದಲು ಹಳೆಯ ಕಟ್ಟಡ ಕೊಡುವ ಅವಕಾಶವನ್ನು ಹುಡುಕಿದರು, ನಕ್ಷೆ ಬಂದದ್ದು ಆಮೇಲೆ. ಆ ಕ್ರಮವನ್ನು ಮಾತ್ರ ಧಾರಾಳವಾಗಿ ತರಬಹುದು. ಸಿಎಸ್‌ಎಂಟಿಯ ಹಿಂದೆ, ಪೂರ್ವಕ್ಕೆ, ಪರಂಪರೆಗೆ ಸೇರದ ಕಚೇರಿ ಕಟ್ಟಡಗಳು, ಶೆಡ್ಡುಗಳು ಬೇಕಾದಷ್ಟಿವೆ. ಅವನ್ನು ತೆರವು ಮಾಡಿ ಸಿಗುವ ನೆಲದಲ್ಲೇ ಕಾಯುವ ಕೊಠಡಿ, ಪಾರ್ಕಿಂಗ್ ಬಂದರೆ ಹಳಿಯ ಮೇಲೆ ಅಗಲವಾದ ಅಂಗಣದ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ನಿಲ್ದಾಣವೋ, ಮ್ಯೂಸಿಯಮ್ಮೋ

ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಯಾಗುತ್ತಿಲ್ಲ, ಆಗಬೇಕು. ಪಾರಂಪರಿಕ ಭಾಗವನ್ನು 1930ರ ಹೊತ್ತಿನ ಸ್ಥಿತಿಗೆ ತರುತ್ತೇವೆಂದು ಹಳೆಯ ನಿಗಮ ಹೇಳಿತ್ತು. ಅದಕ್ಕೂ ಮೊದಲು, ನೌಕರರನ್ನು ಬೇರೆಡೆಗೆ ಕಳಿಸಿ ಇಡೀ ಕಟ್ಟಡವನ್ನು ಮ್ಯೂಸಿಯಂ ಮಾಡುವ ಮಾತು ಕೇಳಿಬಂದು, ನೌಕರರ ಸಂಘಗಳು ವಿರೋಧಿಸಿದ್ದವು. ಹೊಸ ಬಾಗಿಲುಗಳು ಪೂರ್ವದಲ್ಲಿ ತೆರೆದು, ಮೆಟ್ರೊ ನೆಲದಡಿಯಿಂದ ಜನರನ್ನು ತಂದು, ಟಿಕೆಟ್ ಎಲ್ಲವೂ ಮೊಬೈಲಿಗೆ ಬಂದ ಮೇಲೆ ಸ್ಟಾರ್ ಚೇಂಬರ್‌ನಲ್ಲಿ ಹಾದುಹೋಗಲು ಯಾರಿಗೂ ಕಾರಣ ಉಳಿಯದಿರಬಹುದು. ಆಗ ಮ್ಯೂಸಿಯಂ ಮಾಡುವ ಮಾತು ತಾನಾಗಿಯೇ ಮತ್ತೆ ಏಳುತ್ತದೆ.

ನಿರ್ವಹಣೆಯ ದೃಷ್ಟಿಯಿಂದಲೂ ಅದು ಕೆಟ್ಟ ದಾರಿ. ದಿನವೂ ಬಳಸುವ ಕಟ್ಟಡದಲ್ಲಿ ಸೋರಿಕೆ ಆ ದಿನವೇ ಕಣ್ಣಿಗೆ ಬೀಳುತ್ತದೆ, ಯಾರಾದರೂ ದೂರು ಕೊಡುತ್ತಾರೆ. ಮುಂಬೈಯ ಉಪ್ಪುಗಾಳಿ, ಹೊಗೆ, ನಾಲ್ಕು ತಿಂಗಳ ಮಳೆಗೆ ಮೈಯೊಡ್ಡಿದ ಮೆತ್ತನೆಯ ಸುಣ್ಣದಕಲ್ಲಿಗೆ ಆ ದಿನನಿತ್ಯದ ಗಮನವೇ ಔಷಧಿ. ಮುಚ್ಚಿಟ್ಟ ಕೋಣೆಯಲ್ಲಿ ನೀರು ಇಳಿದದ್ದು ಗೊತ್ತಾಗುವುದು ಗಾರೆ ಉದುರಿದ ಮೇಲೆ. ಯುನೆಸ್ಕೊ ಮನ್ನಣೆಗೂ ಅದು ಇವತ್ತಿಗೂ ಓಡುತ್ತಿರುವ ನಿಲ್ದಾಣ ಎಂಬುದು ಬಲ ಕೊಡುತ್ತದೆ.

ಮುಂದಿನ ಸುದ್ದಿಯಲ್ಲಿ ಗಮನಿಸಬೇಕಾದ್ದು

ಹಾಗಾಗಿ ‘ಒಡೆಯುತ್ತಾರಂತೆ’ ಎಂಬ ವಾಟ್ಸ್ಆ್ಯಪ್ ಸಂದೇಶವನ್ನೂ ‘ಮುಟ್ಟುವುದಿಲ್ಲ’ ಎಂಬ ಪ್ರಕಟಣೆಯನ್ನೂ ಬದಿಗಿಟ್ಟು ಕೆಲವು ಕಾಗದಗಳನ್ನು ಕೇಳಬೇಕು. ಪರಂಪರೆ ಪರಿಣಾಮದ ಅಧ್ಯಯನ ಪೂರ್ತಿಯಾಗಿ ಸಾರ್ವಜನಿಕರ ಕೈಗೆ ಸಿಗಬೇಕು. ಅದರಲ್ಲಿ ಅಂಗಣದ ಎತ್ತರ ಎಷ್ಟು ಮೀಟರ್, ಹಳೆಯ ಶೆಡ್ಡಿನಿಂದ ಎಷ್ಟು ದೂರ ಎಂಬುದು ಇರಬೇಕು. ದಾದಾಭಾಯಿ ನವರೋಜಿ ರಸ್ತೆಯಲ್ಲಿ ಮನುಷ್ಯನ ಕಣ್ಣಿನ ಎತ್ತರದಿಂದ ನೋಡಿದರೆ ಹೇಗೆ ಕಾಣುತ್ತದೆ ಎಂಬ ಚಿತ್ರ ಬೇಕು. ಆಕಾಶದಿಂದ ತೆಗೆದ ಸುಂದರ ಕಂಪ್ಯೂಟರ್ ಚಿತ್ರದಿಂದ ಪ್ರಯೋಜನವಿಲ್ಲ, ಯಾವ ಪ್ರಯಾಣಿಕನೂ ನಿಲ್ದಾಣವನ್ನು ಅಲ್ಲಿಂದ ನೋಡುವುದಿಲ್ಲ. ಬುನಾದಿ ಕೊರೆಯುವಾಗ ಕಂಪನ ಅಳೆಯುವವರು ಯಾರು, ಮಿತಿ ಮೀರಿದರೆ ಕೆಲಸ ನಿಲ್ಲಿಸುವವರು ಯಾರು ಎಂಬುದು ಗುತ್ತಿಗೆಯಲ್ಲೇ ಬರೆದಿರಬೇಕು. ದೂರದ ರೈಲುಗಳನ್ನು ಎಷ್ಟು ಕಾಲ, ಯಾವ ಸ್ಟೇಷನ್ನಿನಲ್ಲಿ ನಿಲ್ಲಿಸುತ್ತಾರೆ ಎಂಬ ವೇಳಾಪಟ್ಟಿ ಮಂಗಳೂರು, ಕಲಬುರಗಿಯ ಪ್ರಯಾಣಿಕರಿಗೆ ಟಿಕೆಟ್ ಕಾಯ್ದಿರಿಸುವ ಮೊದಲೇ ತಿಳಿಯಬೇಕು. ನಕ್ಷೆ ಕಾಗದದ ಮೇಲಿರುವಾಗ ಇವನ್ನೆಲ್ಲ ತಿದ್ದಲು ತಗಲುವ ಖರ್ಚು ಅತ್ಯಲ್ಪ, ಕಂಬಗಳು ಎದ್ದ ಮೇಲೆ ತಿದ್ದಲಾಗದು.